ಎಡಕ್ಕೆ ಬಿದ್ದ ಹೂವು

ಬೀರನಗುಡ್ಡ
ಶಕವರ್ಷ ಎರಡು ಸಾವಿರದ ಮುನ್ನೂರ ಹನ್ನೊಂದು, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಪೂಜಾರ ಲಕ್ಕಪ್ಪಜ್ಜನವರಿಗೆ, ನಿಮ್ಮ ಹದಿನಾಲ್ಕನೆಯ ತಲೆಮಾರಿನ ಮೊಮ್ಮಗಳು ಮಾಳವ್ವ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂರುವ ದಿನಗಳನ್ನೆಲ್ಲ ಸೇರಿಸಿ ನಾವು ಒಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಕದತಿಂಗಳು ಎನ್ನುತ್ತೇವೆ. ಇಂಥ ಅಪರಿಚಿತ ಪದಗಳು ಇನ್ನೂ ಬರುತ್ತವೆ, ಕ್ಷಮಿಸಬೇಕು. ಮೇಲಿನ ನಮಸ್ಕಾರ ಮತ್ತು ಈ ಕ್ಷಮೆ ಬಿಟ್ಟರೆ ಈ ಕಾಗದದಲ್ಲಿ ನಿಮಗೆ ಬೇರೆ ಮರ್ಯಾದೆ ಸಿಗುವುದಿಲ್ಲ.

ನಿಮ್ಮಂತೆಯೇ ನಾನೂ ಬೀರಪ್ಪನ ಗುಡಿಯ ಪೂಜಾರಿ. ಹೆಣ್ಣುಮಗಳು ಗರ್ಭಗುಡಿಯೊಳಗೆ ಏನು ಮಾಡುತ್ತಾಳೆ ಎಂದು ಹುಬ್ಬೇರಿಸುವ ಮೊದಲು, ಗಂಡಸರಾದ ನೀವು ಅಲ್ಲಿ ನಿಂತು ಏನು ಮಾಡಿದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ. ಜನ ಹೂವು ಕೇಳಲು ಬರುತ್ತಿದ್ದರು. ಎರಡು ಹೂವುಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡು ಹೆಗಲಿಗೆ ಅಂಟಿಸುವುದು; ಬಲದ್ದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಬೇಡ ಎನಿಸಿಕೊಂಡವರ ಮುಖ ನೋಡಲು ನಿಮಗೆ ಧೈರ್ಯವಿರಲಿಲ್ಲ, ಅವರು ಮತ್ತೆ ಬಾರದೇ ಹೋದಾರೆಂಬ ಭಯ ಬೇರೆ. ಅದಕ್ಕೆ ನೀವು ಎಡದ ಹೂವಿಗೆ ಬೆಲ್ಲದ ಪಾಕ ಹಚ್ಚಿದಿರಿ. ಅಪ್ಪ ನನಗೆ ಪೂಜೆ ಒಪ್ಪಿಸಿದ ದಿನ ಕಿವಿಯಲ್ಲಿ ಹೇಳಿದ್ದು ಮಂತ್ರವಲ್ಲ, ಪಾಕದ ಹದ. ಲಕ್ಕಪ್ಪಜ್ಜ ಹೇಳಿಕೊಟ್ಟದ್ದು ಎಂದು ಹೆಮ್ಮೆಯಿಂದ ನಿಮ್ಮ ಹೆಸರನ್ನೂ ಹೇಳಿದರು. ಮುನ್ನೂರು ವರ್ಷಗಳಿಗೂ ಮಿಕ್ಕಿ ನಮ್ಮ ಬೀರಪ್ಪ ಎಲ್ಲರ ಎಲ್ಲ ಮಾತಿಗೂ ಹೂಂಗುಟ್ಟಿದ. ಅಂಥ ದೇವರ ಮೇಲೆ ಭಾರ ಹಾಕಿದ್ದೇವೆ ಎಂದು ಹೇಳಿಕೊಂಡು ಊರಿನವರು ಎದೆಯುಬ್ಬಿಸಿ ತಿರುಗಿದರು.

ನಮ್ಮ ಕಾಲದವರೇನು ಜಾಣರಲ್ಲ. ಇಲ್ಲಿ ಹನ್ನೆರಡು ತುಂಬಿದ ಪ್ರತಿ ಮಗುವಿಗೂ ಬಾಳೋಲೆ ಕೊಡುತ್ತಾರೆ. ಏನು ಕಲಿಯಬೇಕು, ಎಲ್ಲಿರಬೇಕು, ಯಾವ ವಯಸ್ಸಿನಲ್ಲಿ ಊರು ಬದಲಿಸಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ತಂದು ದೇವರ ಮುಂದಿಟ್ಟು ಹೂವು ಕೇಳುತ್ತಾರೆ, ಬಲದ ಹೂವು ಬೀಳುತ್ತದೆ, ಪಾಯಸ ಉಣ್ಣುತ್ತಾರೆ. ನಾನು ನಲವತ್ತನೆಯ ವಯಸ್ಸಿಗೆ ತೇಲೂರಿಗೆ ಹೋಗಬೇಕೆಂದು ನನ್ನ ಬಾಳೋಲೆಯಲ್ಲಿತ್ತು. ತೇಲೂರು ಎಂದರೆ ಸಮುದ್ರದ ಮೇಲೆ ಕಟ್ಟಿದ ಊರು, ಉಪ್ಪುನೀರಿನಲ್ಲಿ ಜೋಳ ಬೆಳೆಯುವ ಊರು. ಇಪ್ಪತ್ತು ವರ್ಷ ದಿನವೂ ಗುಡಿಯ ಪೂಜೆ ಮುಗಿಸಿ, ಛಾವಣಿ ಹಾಕಿದ ನೆರಳುಬೀದಿಯಲ್ಲಿ ನಡೆದು ಸಸಿಮನೆಗೆ ಹೋಗಿ ಆ ಜೋಳದ ಕೆಲಸ ಕಲಿತೆ. ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ, ಆದರೆ ಅದರ ಉಪ್ಪಿನ ಹದ ನನ್ನ ನಾಲಗೆಗೆ ಗೊತ್ತಿತ್ತು. ನನಗೆ ಬೇರೆ ಆಸೆಯೇ ಇರಲಿಲ್ಲ.

ಹೊರಡಲು ಹನ್ನೆರಡು ದಿನ ಇದ್ದಾಗ ವೈದ್ಯರು ಕಿವಿ ಪರೀಕ್ಷಿಸಿ, ತೇಲುವ ನೆಲದ ಮೇಲೆ ನನಗೆ ತಲೆ ನಿಲ್ಲುವುದಿಲ್ಲ ಎಂದು ಬರೆದರು. ಜಾಗ ತಪ್ಪಿತು. ನನ್ನ ಮೈದುನ ಆ ವೈದ್ಯರ ಕಚೇರಿಯಲ್ಲೇ ಇದ್ದ, ಬರೆದದ್ದನ್ನು ತಿದ್ದಿಸುತ್ತೇನೆ ಎಂದ. ನಾನು ಧರ್ಮಕ್ಕೆ ಹೆದರುವವಳಲ್ಲವೇ, ದೇವರನ್ನು ಕೇಳದೆ ಸುಳ್ಳು ಹೇಳಲಾದೀತೇ? ಸ್ನಾನ ಮಾಡಿ, ಉಪವಾಸವಿದ್ದು, ಎಡದ ಹೂವಿಗೆ ಎಂದಿಗಿಂತ ದಪ್ಪಗೆ ಪಾಕ ಬಳಿದು, ಕೈಮುಗಿದು ಕಣ್ಣು ಮುಚ್ಚಿದೆ. ನಾಚಿಕೆಗೇಡು ಹೆಂಗಸು. ನಾನೇ ಅಂಟಿಸಿದ ಉತ್ತರಕ್ಕಾಗಿ ನಾನೇ ಕಣ್ಣೀರು ಹಾಕಿ ಕಾದೆ.

ಎಡದ ಹೂವು ಬಿತ್ತು.

ನನ್ನ ಗಂಡ ಹಾಲಸಿದ್ದಪ್ಪ ಹತ್ತಿರ ಬಂದು ಬಗ್ಗಿ ನೋಡಿದ. "ಇರಿವಿ ಹತ್ಯಾವು ನೋಡ. ಅಷ್ಟ್ ಬೆಲ್ಲಾ ಹಚ್ಚಿದ್ರ ಬಿಟ್ಟಾವೇನು? ಇದೇನ್ ದೇವ್ರ ಮಾತಲ್ಲ, ಇನ್ನೊಮ್ಮೆ ಇಡು," ಎಂದ. ಅವನು ಹೇಳಿದ್ದು ನಿಜ. ಬೀರಪ್ಪನ ಎಡ ಹೆಗಲಿನಿಂದ ಪಾದದವರೆಗೆ ಇರುವೆಗಳ ಸಾಲಿತ್ತು. ನಾನು ಹೊಸ ಹೂವನ್ನು ಕೈಗೆ ತೆಗೆದುಕೊಂಡೆ, ಪಾಕದ ಬಟ್ಟಲಿಗೆ ಬೆರಳನ್ನೂ ಅದ್ದಿದೆ. ಆಗ ನನ್ನ ಬಗ್ಗೆಯೇ ಎಂಥ ಹೇಸಿಗೆ ಹುಟ್ಟಿತೆಂದರೆ ಕೈ ಮೇಲೇಳಲಿಲ್ಲ. ನಾವು ಬಾಯಿಗೆ ಬೆಲ್ಲ ಮೆತ್ತಿ ಕೂರಿಸಿದವನು ಬಿಡಿಸಿಕೊಳ್ಳಲು ಇರುವೆಗಳನ್ನು ಕರೆದಿದ್ದರೆ ಅದರಲ್ಲಿ ತಪ್ಪೇನು? ಅವೂ ಅವನವೇ. ನಾನು ತೇಲೂರಿಗೆ ಹೋಗಲಿಲ್ಲ.

ಇನ್ನು ಸಮಾಧಾನ ಹೇಳಲು ಬಂದವರ ಮಾತು ಕೇಳಿ. ದೇವರು ನಿನಗೆ ಇದಕ್ಕಿಂತ ದೊಡ್ಡದನ್ನು ಇಟ್ಟಿರುತ್ತಾನೆ, ತೇಲೂರಿಗೆ ಏನೋ ಆಗುವುದಿದೆ, ನೀನು ಉಳಿದುಕೊಂಡೆ ಎಂದರು. ಪಾಪ, ನೆರೆಯವರು ಪ್ರತಿ ಮಳೆಗಾಲವೂ ಆ ಊರು ಮುಳುಗಲೆಂದು ಕಾದರು, ಮುಳುಗಿದರೆ ತಾನೇ ಅವರ ದೇವರ ಲೆಕ್ಕ ಸರಿಹೋಗುವುದು. ಹನ್ನೊಂದು ವರ್ಷವಾಯಿತು, ತೇಲೂರು ಮುಳುಗಿಲ್ಲ. ನನ್ನ ಜಾಗದಲ್ಲಿ ಹೋದ ಗೆಳತಿ ಕಮಲಾಕ್ಷಿ ದುಂಡಗಾಗಿದ್ದಾಳೆ, ವರ್ಷಕ್ಕೊಮ್ಮೆ ಒಣಗಿಸಿದ ಕಡಲಸೊಪ್ಪು ಕಳಿಸುತ್ತಾಳೆ. ನನಗೆ ದೊಡ್ಡದೇನೂ ಸಿಗಲಿಲ್ಲ. ಆ ಸೊಪ್ಪನ್ನು ನೆನೆಸಿದ ನೀರನ್ನು ಮೂಸುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಿದ್ದೂ ಆ ಹೂವನ್ನು ನಂಬಿದ್ದೇನೆ. ಪ್ರತಿಫಲ ಕಂಡಮೇಲೆ ನಂಬುವುದಕ್ಕೆ ದೇವರೇ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಅಂದಿನಿಂದ ಎರಡೂ ಹೂವಿಗೆ ಬರಿಯ ನೀರು. ಈಗ ಬೀರಪ್ಪ ಅರ್ಧಕ್ಕರ್ಧ ಬೇಡ ಎನ್ನುತ್ತಾನೆ. ಭಕ್ತರು ಸಿಟ್ಟಾಗಿ ಪಕ್ಕದೂರಿನ ಗುಡಿಗೆ ಹೋಗುತ್ತಿದ್ದಾರೆ, ಅಲ್ಲಿಯ ಪೂಜಾರಿ ನಿಮ್ಮಂಥವನೇ ಇರಬೇಕು. ಗುಡಿ ಖಾಲಿ ಹೊಡೆಯುತ್ತದೆ. ಹೋಗಲಿ, ಹೂಂಗುಟ್ಟಿಸಿಕೊಳ್ಳಲು ಬಂದವರು ಬಂದದ್ದು ದೇವರ ಹತ್ತಿರ ಅಲ್ಲವೇ ಅಲ್ಲ.

ಎಡದ ಹೂವನ್ನು ಯಾರೂ ಮುಡಿಯುವುದಿಲ್ಲ, ಗುಡಿಸಿ ಹೊರಗೆ ಹಾಕುತ್ತಾರೆ. ನಿಮ್ಮ ಕಾಲದಲ್ಲೂ ಹಾಗೇ ಇತ್ತಂತೆ. ಆ ದಿನ ನಾನು ಅದನ್ನು ಎತ್ತಿ ಮುಡಿದುಕೊಂಡು ಮನೆಗೆ ನಡೆದೆ. ಅಂಟಂಟಾಗಿತ್ತು, ಇರುವೆಗಳು ಕುತ್ತಿಗೆಗೆ ಇಳಿದು ಕಚ್ಚಿದವು, ದಾರಿಯುದ್ದಕ್ಕೂ ಅತ್ತೆ.

ಅಜ್ಜ, ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ ನನ್ನದೊಂದು ಕೋರಿಕೆ. ನಾಳೆ ಯಾರಾದರೂ ಹೂವು ಕೇಳಲು ಬರುತ್ತಾರೆ. ಬೆರಳು ತೊಳೆದುಕೊಂಡು ಹೂವಿಡಿ.