ಝೂನಾಳ ಕುರ್ಚಿ

ಅಕ್ಟೋಬರ್ ೧೮, ಶನಿವಾರ

ಬೆಳಗ್ಗೆ ನನ್ನ ಹೆಂಡತಿ ಝೂನಾ ನಕ್ಕದ್ದು ಇನ್ನೂ ಕಿವಿಯಲ್ಲೇ ಇದೆ.

ಮಂಡಿ ಸವೆದಿದೆ, ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅವಳಿಗೆಂದೇ ಅಕ್ರೋಟು ಮರದ ಕುರ್ಚಿ ಮಾಡಿದೆ. ನಮ್ಮ ಮನೆಯ ಮೊದಲ ಕುರ್ಚಿ. ಒರಗುವ ಹಲಗೆಯ ತುಂಬ ಚಿನಾರ್ ಎಲೆ ಕೆತ್ತಿದ್ದೆ, ಒಂದೊಂದು ನರವೂ ಎದ್ದು ಕಾಣುವಂತೆ. ಒರಗಿದವಳೇ ಥಟ್ಟನೆ ಎದ್ದು ನಕ್ಕಳು.

"ಚುಚ್ಚುತ್ತೆ ಉಸ್ತಾದರೇ! ಮೂವತ್ತು ವರ್ಷದಿಂದ ಕುರ್ಚಿ ಮಾಡ್ತಿದೀರಲ್ಲ, ಒಂದರಲ್ಲಾದ್ರೂ ಕೂತು ನೋಡಿದೀರಾ?"

ಇಲ್ಲ. ಮಾಡಿದ್ದೆಲ್ಲ ಹೊರಗಿನವರ ಮನೆಗಳಿಗೆ ಹೋಯಿತು. ನಾವು ನೆಲದ ಮೇಲೇ ಬದುಕಿದವರು. ಎಷ್ಟು ಬೆನ್ನುಗಳು ನನಗೆ ಶಾಪ ಹಾಕಿವೆಯೋ!

ಮನಸ್ಸಿಲ್ಲದ ಮನಸ್ಸಿನಿಂದ ಎಲೆಗಳನ್ನೆಲ್ಲ ಹೆರೆದು ತೆಗೆದೆ. ಸಂಜೆಯ ಹೊತ್ತಿಗೆ ಅಲ್ಲಿ ದಾಲ್ ಸರೋವರದ ತಾವರೆ ಎಲೆಯಂಥ ನುಣ್ಣನೆಯ ತಗ್ಗು. ಈ ಸಲ ಮೊದಲು ನಾನೇ ಒರಗಿ ನೋಡಿದೆ.

ಊಟಕ್ಕೆ ಅವಳು ಕುರ್ಚಿಯಲ್ಲಿ, ನಾನು ಟೋಪಿ ತೆಗೆದಿಟ್ಟು ಅವಳ ಕಾಲ ಬಳಿ.

"ಅರೆ, ನೆತ್ತಿ ಬೋಳಾಗಿದೆಯಲ್ರೀ! ಯಾವಾಗಿಂದ?"

ಇಷ್ಟು ವರ್ಷ ಎದುರುಬದುರು ಕೂತು ಉಂಡವರಿಗೆ ನೆತ್ತಿ ಎಲ್ಲಿ ಕಾಣಬೇಕು? ಅವಳು ಎಡಗೈಯನ್ನು ಆ ಬೋಳಿನ ಮೇಲಿಟ್ಟು, ಹಾಗೇ ಉಣ್ಣತೊಡಗಿದಳು. ದೇವರು ಕ್ಷಮಿಸಲಿ, ಅವಳ ಸವೆದ ಮಂಡಿಗೂ ಋಣಿ ಅನ್ನಿಸಿಬಿಟ್ಟಿತು.

ನನ್ನ ತಟ್ಟೆಯ ಅನ್ನ ಆರಿಹೋಯಿತು. ನಾನು ಅಲುಗಾಡಲಿಲ್ಲ.