ಸೇವೆಗೆ ಸಂಬಂಧವಿಲ್ಲ

ಫೆಬ್ರವರಿ 3, 2024. ಘಾಜಿಯಾಬಾದ್. ಬೆಳಿಗ್ಗೆ 7

ಬೆನ್ನಿಗೆ ಬಿಸಿನೀರಿನ ಚೀಲ. ಬಿಪಿ ಮಾತ್ರೆ. ಹಾಲಿನ ಭಯ್ಯಾ ಬೆಲ್ ಒತ್ತಿ ಒತ್ತಿ ಹೊರಟೇ ಹೋದನಂತೆ. ನನಗೆ ಕೇಳಿಸಲಿಲ್ಲ. ಹೆಂಡತಿ ಜಲಜಾ ಕೆಳಗಿಳಿದು ಹೋಗಿ ಅಂಗಡಿಯಿಂದ ಪ್ಯಾಕೆಟ್ ಹಾಲು ತಂದಳು.

ಪೆನ್ಷನ್ ಆಫೀಸಿನ ಪತ್ರ ಇನ್ನೂ ಮೇಜಿನ ಮೇಲೆಯೇ ಇದೆ. ಸೈನ್ಯದ ಆರ್ಟಿಲರಿಯಲ್ಲಿ, ಫಿರಂಗಿಗೆ ಇಪ್ಪತ್ನಾಲ್ಕು ವರ್ಷ ಶೆಲ್ ಹೊತ್ತ ಬೆನ್ನು. ಬರೆದಿದ್ದಾರೆ — 'ಸೇವೆಗೆ ಸಂಬಂಧವಿಲ್ಲ.' ಅಂಗವೈಕಲ್ಯ ಪೆನ್ಷನ್ ತಿರಸ್ಕೃತ. ಹಾಗಾದರೆ ಮಾವನ ಮನೆಯಲ್ಲಿ ಮೂಟೆ ಹೊತ್ತೆನೇ? ದುಡ್ಡು ಹಾಳಾಗಿ ಹೋಗಲಿ. ಆ ಸಾಲು ಅಳಿಸಬೇಕು.

ಫೆ. 5

ಜಲಜಾ ಮಿನಿಸ್ಟ್ರಿಯಲ್ಲಿ ಮೂವತ್ತು ವರ್ಷದಿಂದ ಕ್ಲಾರ್ಕು. ಇಂದು ರಜೆ ಹಾಕಿ ನನ್ನ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಹನ್ನೊಂದು ಗಂಟೆಗೆ ಅಪೀಲು ಸಿದ್ಧ. ಬೆರಗಾಗಿ ನೋಡುತ್ತ ಕೂತಿದ್ದೆ. ರೆಜಿಮೆಂಟಿನ ಕಾಗದಪತ್ರ ನೋಡುತ್ತಿದ್ದ ನಮ್ಮ ಅಡ್ಜುಟೆಂಟ್ ಸಾಹೇಬರೂ ಇಷ್ಟು ಚೊಕ್ಕಟವಾಗಿ ಬರೆಯುತ್ತಿರಲಿಲ್ಲ.

"ಬೆನ್ನಿನ ಜೊತೆ ಬಿಪಿ, ಕಿವಿ ಎರಡನ್ನೂ ಸೇರಿಸೋಣ ರೀ."

"ಕಿವಿ ಸರಿಯಾಗೇ ಇದೆ."

"ಅಚ್ಛಾ? ಹಾಲಿನವನನ್ನ ಕೇಳಿ."

ಫೆ. 12

ಕಿವಿ ಪರೀಕ್ಷೆ. ಪುಟ್ಟ ಕೋಣೆ, ಹೆಡ್‌ಫೋನು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಒತ್ತಿದ್ದು ಆರು ಸಲ. ಬಂದದ್ದು ನಲವತ್ತು ಸದ್ದಂತೆ! ಮಿಕ್ಕವೆಲ್ಲ ನನ್ನ ತಲೆಯೊಳಕ್ಕೇ ಬಂದು ಸುಮ್ಮನೆ ಹೋಗಿವೆ... ಇಷ್ಟೊಂದು ಲೋಕ ನನಗೆ ತಿಳಿಯದೆಯೇ ನಡೆಯುತ್ತಿದೆ. ಮನೆಗೆ ಬಂದವನೇ 'ಕಿವಿಯನ್ನೂ ಸೇರಿಸು' ಅಂದೆ.

ಫೆ. 13

ಕರೋಲ್ ಬಾಗ್. ವಕೀಲೆ ಹಂಸಿನಿ, ನಮ್ಮ ಕಡೆಯವರೇ.

"ಅಂಕಲ್, ಪ್ರತಿ ವರ್ಷದ ಮೆಡಿಕಲ್‌ನಲ್ಲೂ ಕಿವಿ ಫಸ್ಟ್ ಕ್ಲಾಸ್ ಅಂತಿದೆಯಲ್ಲ?"

ಹೇಳಿಯೇಬಿಟ್ಟೆ. ಡಾಕ್ಟರು ಬೆನ್ನ ಹಿಂದೆ ನಿಂತು ಅಂಕಿ ಪಿಸುಗುಟ್ಟುವರು. ಎದುರಿನ ಸಾಲಿನಿಂದ ಕಾರ್ತಿಕೇಯ ಅದೇ ಅಂಕಿಯನ್ನು ಬೆರಳೆತ್ತಿ ತೋರಿಸುವನು, ನಾನು ಹೇಳುವೆ. ನಮ್ಮ ಗನ್ನಿನ ತಂಡದವನೇ, ಕೋಲಾರದವನು. ಗನ್ನಿನ ಸದ್ದಿಗೆ ಕಿವಿ ಹೋಯಿತೆಂದರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ, ಬಡ್ತಿಗೆ ಕಲ್ಲು. ಎಲ್ಲರೂ ಮಾಡುತ್ತಿದ್ದರು.

"ಆ ಕಾರ್ತಿಕೇಯ ಅವರು ಹೀಗಂತ ಅಫಿಡವಿಟ್ ಕೊಡ್ತಾರಾ?"

ಯಾರು ಕೊಡುತ್ತಾರೆ, ಮೋಸಕ್ಕೆ ಕೈ ಜೋಡಿಸಿದ್ದೆ ಎಂದು? ನಾನು ಕೇಳುವುದೇ ತಪ್ಪು.

ಫೆ. 22

ಕೇಳಿದೆ. ಗುರುಗ್ರಾಮದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾರ್ತಿಕೇಯ ರಿಜಿಸ್ಟರ್ ಬರೆಯುತ್ತಾನೆ. ಚಹಾ ಅಂಗಡಿಯಲ್ಲಿ ಕರಡು ಕೈಗಿತ್ತೆ. ಎರಡು ಸಲ ಓದಿದ. ನನ್ನ ಮುಖವನ್ನೇ ನೋಡುತ್ತಿದ್ದ.

"ನಿನ್ನ ನೌಕರಿಗೆ ಕುತ್ತು ಬಂದ್ರೆ?" ಅಂದೆ.

"ಸುಳ್ಳು ಇಬ್ರೂ ಸೇರಿ ಹೇಳಿದ್ದು ಗುರುವೇ. ನಿಜ ನೀನೊಬ್ಬನೇ ಹೇಳೋಕೆ ಹೋಗ್ತೀಯಾ?"

ಸಹಿ ಹಾಕಿದ. ಚಹಾದ ದುಡ್ಡನ್ನೂ ಅವನೇ ಕೊಟ್ಟ. ಹನ್ನೆರಡು ವರ್ಷ ಇವನ ಪಕ್ಕದಲ್ಲಿ ನಿಂತಿದ್ದೆ — ಇಷ್ಟು ದೊಡ್ಡ ಮನುಷ್ಯ ಎಂದು ಗೊತ್ತಿರಲಿಲ್ಲ.

ಅಕ್ಟೋಬರ್ 30, ಸಂಜೆ

ಪತ್ರ ಬಂತು. ಬಿಪಿ ಇಲ್ಲ. ಬೆನ್ನು ಮರುಪರೀಕ್ಷೆಗೆ. ಕಿವಿ — 'ಸೇವೆಯಿಂದಲೇ ಉಂಟಾದದ್ದು.' ಸಾಕ್ಷಿಯ ಹೇಳಿಕೆ ನಂಬಲರ್ಹ ಎಂದೂ ಬರೆದಿದ್ದಾರೆ. ಜಲಜಾಳ ಕೈಯಲ್ಲಿ ಮೂರು ಸಲ ಓದಿಸಿದೆ. ಅತ್ತುಬಿಟ್ಟೆ. ನಾಚಿಕೆಯೇನಿಲ್ಲ.

ಸ್ಪೀಕರ್ ಹಾಕಿ ಕಾರ್ತಿಕೇಯನಿಗೆ ಫೋನ್ ಮಾಡಿದೆ. ಎತ್ತಿದವಳು ಅವನ ಹೆಂಡತಿ ರತ್ನಾ.

"ಅವನಿಗೆ ಕೊಡಮ್ಮ."

"ಅಣ್ಣಾ, ಅವ್ರಿಗೆ ಫೋನಲ್ಲಿ ಏನೂ ಕೇಳ್ಸಲ್ಲ. ನಾಲ್ಕು ವರ್ಷ ಆಯ್ತು. ತುಟಿ ನೋಡಿಯೇ ತಿಳ್ಕೊಳ್ಳೋದು. 'ಕಿವುಡನ ಸಾಕ್ಷಿ ಯಾರು ನಂಬ್ತಾರೆ, ಅವನ ಕೇಸು ಮುಗಿಯೋವರೆಗೂ ಅವನಿಗೆ ಹೇಳ್ಬೇಡ' ಅಂದಿದ್ರು."

ಜಲಜಾ ಅಷ್ಟನ್ನೂ ಇನ್ನೊಮ್ಮೆ ಹೇಳಿದಳು. ನನಗೆ ಮೊದಲ ಸಲವೇ ಕೇಳಿಸಿತ್ತು.

ಅ. 31, ಬೆಳಿಗ್ಗೆ 5

ಜಲಜಾ ಅಂಗವೈಕಲ್ಯ ಪೆನ್ಷನ್ನಿನ ಹೊಸ ಫಾರಂ ತೆಗೆದಿಟ್ಟಿದ್ದಾಳೆ. ಮೇಲೆ ಅವನ ಹೆಸರು, ಅವನ ಆರ್ಮಿ ನಂಬರು — ಬಾಯಿಪಾಠವಿದೆ, ಯಾರನ್ನೂ ಕೇಳಬೇಕಾಗಿಲ್ಲ. ಗುರುಗ್ರಾಮಕ್ಕೆ ಹೋಗುವ ಮೊದಲ ಮೆಟ್ರೋಗೆ ಮುಂಚೆ ನನ್ನ ಅಫಿಡವಿಟ್ಟಿನ ಕರಡು ಮುಗಿಯಬೇಕು. ಇಲ್ಲೇ ಬರೆದು ನೋಡುತ್ತೇನೆ.

ದಕ್ಷಿಣಾಮೂರ್ತಿ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಹನ್ನೆರಡು ವರ್ಷ ಅದೇ ಗನ್ನಿನ ಪಕ್ಕದಲ್ಲಿ ಇವನೂ —