ಗಿರಣಿ ಬಾಗಿಲ ಝಡತಿ

೧೬ ಆಗಸ್ಟ್ ೧೯೯೮, ಭಾನುವಾರ

ರಜೆ ಇದ್ದರೂ ನೀರಾವರಿ ಇಲಾಖೆಯ ಸ್ಟೋರಿಗೆ ಹೋಗಿ ಬಂದೆ. ಸಿಮೆಂಟ್ ಚೀಲಗಳ ಕೆಳಗೆ ನೀರು ನುಗ್ಗಿತ್ತು. ಹಲಗೆ ಕೊಟ್ಟು ಎತ್ತರಿಸಿದ್ದಾಯಿತು. ಗ್ರೀಸ್ ಡಬ್ಬಿ ಒಳಗಿಟ್ಟೆ.

ನಿನ್ನೆ ಕಾಲುವೆ ಕ್ಯಾಂಪಿನ ಕಾರ್ಯಕ್ರಮ ಜೋರಾಯಿತು. ಧ್ವಜ, ಭಾಷಣ, ಲಾಡು — ಆಮೇಲೆ ಮೈಕು ನನ್ನ ಕೈಗೆ. ಗಿರಣಿ ಕಥೆಯನ್ನೇ ತೆಗೆದೆ. ನಮ್ಮ ಸ್ಟೋರು ನಿಂತಿರುವುದೇ ಆ ಹತ್ತಿ ಗಿರಣಿಯ ಜಾಗದಲ್ಲಿ. ಕಾಲುವೆ ಬರುವ ಮೊದಲು ಈ ಕಡೆಯೆಲ್ಲ ಹತ್ತಿ. ಗಿರಣಿ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಇಟ್ಟಿಗೆಗಳು ಊರವರ ಗೋಡೆಗೆ ಹೋದವು. ಈಗ ಎಲ್ಲಿ ನೋಡಿದರೂ ನೀರು, ಭತ್ತ. ಕ್ಯಾಂಪಿನ ಮಂದಿಗೆ ಇದೆಲ್ಲ ಹೊಸದು. ಬಾಯಿ ಸುತ್ತ ಎರಡೂ ಕೈ ಹಿಡಿದು ಭೋಂಗಾ ಊದಿದೆ — ಬೆಳಗಿನ ಪಾಳಿಗೆ ಕರೆಯುವ ಸೈರನ್. ಶಹಾಪುರದ ಗುಡ್ಡದ ತನಕ ಕೇಳಿತು ಎಂದ ಖಾಜಾಮಿಯಾ. ಹೋಟೆಲ್ ನಡೆಸುವವನ ಮಾತು, ಅರ್ಧ ತೆಗೆದು ನಂಬಬೇಕು.

ಆಮೇಲೆ ಝಡತಿ. ಕೆಲಸ ಬಿಟ್ಟು ಹೊರಡುವ ಹೆಂಗಸರು ಹತ್ತಿ ಕದ್ದಿದ್ದಾರೇನೋ ಎಂದು ಸಿಪಾಯಿ ಬಾಗಿಲಲ್ಲಿ ತಡಕಿ ನೋಡುವುದು. ನಮ್ಮ ಸೋದರಮಾವನೇ ಆ ಸಿಪಾಯಿ. ನನ್ನ ಕಥೆಗಳೆಲ್ಲ ಅವನ ಬಾಯಿಂದ ಬಂದವು. ಇದೂ ಅಷ್ಟೇ — ಕಟ್ಟೆಯ ಮೇಲೆ ಕೇಳಿದ್ದು, ಅವನ ನಗುವಿನ ಸಮೇತ. ಒಬ್ಬಳ ಸೆರಗಿನಿಂದ ಒಂದು ಹಿಡಿ, ಇನ್ನೊಬ್ಬಳ ತುರುಬಿನಿಂದ, ಮತ್ತೊಬ್ಬಳ ಕುಪ್ಪಸದಿಂದ... ಮಾವನ ಮೀಸೆ, ಮಾವನ ನಡಿಗೆ, ಎಲ್ಲ ಮಾಡಿ ತೋರಿಸಿದೆ. ಹೊಸ ಸಾಹೇಬರು ಮೈಸೂರು ಕಡೆಯವರು, ಕಣ್ಣು ಒರೆಸಿಕೊಂಡು ನಕ್ಕರು. ಮುಂದಿನ ತಿಂಗಳು ಇಂಜಿನಿಯರ್ ದಿನಾಚರಣೆಗೆ ದೊಡ್ಡ ಸಾಹೇಬರು ಬರುತ್ತಾರಂತೆ. ಅಲ್ಲೂ ಇದೇ ಬೇಕಂತೆ.

ಎದೆ ಉಬ್ಬಿದೆ. ಸುಳ್ಳು ಯಾಕೆ ಬರೆಯಲಿ.

೧೮ ಆಗಸ್ಟ್

ಸ್ಟೋರಿನ ಅಂಗಳದಲ್ಲಿ ಒಬ್ಬ ಮುದುಕಿ. ಪೈಪುಗಳ ನೆರಳಲ್ಲಿ ಕುಳಿತಿದ್ದಾಳೆ. ತಲೆಗೆ ಬಟ್ಟೆ ಬಿಗಿದು, ಸೀರೆ ಎತ್ತಿ ಕಟ್ಟಿ. ಕಟ್ಟಿಗೆ ಆರಿಸಲು ಬಂದವಳು ಅಂದುಕೊಂಡೆ. ಮಧ್ಯಾಹ್ನವಾದರೂ ಏಳಲಿಲ್ಲ. ಮನೆಗೆ ಹೋಗು ಎಂದೆ.

“ಪಾಳಿ ಮುಗಿದಿಲ್ಲಲ್ಲರಿ,” ಅಂದಳು. ನನಗೇ ಬುದ್ಧಿ ಇಲ್ಲ ಎನ್ನುವ ಹಾಗೆ ನೋಡಿದಳು.

ಖಾಜಾಮಿಯಾ ಗುರುತು ಹಿಡಿದ. ಗೊಲ್ಲಾಳಮ್ಮ. ಹರೆಯವೆಲ್ಲ ಗಿರಣಿಯಲ್ಲೇ ಕಳೆದವಳು. ಈಚೆಗೆ ಮರೆವು, ಮನೆ ಬಿಟ್ಟು ಹೊರಗೆ ಬಂದವಳಲ್ಲ. ಹದಿನೈದನೇ ತಾರೀಖು ಒಮ್ಮೆಲೇ ಎದ್ದು ತಲೆಗೆ ಬಟ್ಟೆ ಕಟ್ಟಿದಳಂತೆ.

“ನಿನ್ನ ಭೋಂಗಾ ಕೇಳ್ಯಾಳಪಾ ನಾಗಣ್ಣ,” ಎಂದ. “ನಿನ್ನ ಕಥಿ ಖರೇ ಅಂತ ನಂಬಿದಾಕಿ ಇವಳೊಬ್ಬಳೇ ನೋಡು.”

ಇಬ್ಬರೂ ನಕ್ಕೆವು. ಹೊತ್ತು ಮುಳುಗುವಾಗ ಮಗಳು ಚಂದಮ್ಮ ನಾಟಿ ಗದ್ದೆಯಿಂದ ಕೆಸರು ಕಾಲಲ್ಲೇ ಓಡಿ ಬಂದಳು. ತಾಯಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮುದುಕಿ ದಾರಿಯುದ್ದಕ್ಕೂ ಹಿಂದೆ ನೋಡುತ್ತಲೇ ಇದ್ದಳು.

೨೦ ಆಗಸ್ಟ್

ದಿನಾ ಬರುತ್ತಾಳೆ. ಇವತ್ತು ಪಂಪ್ ಒರೆಸಲು ಇಟ್ಟ ಹತ್ತಿ ನೂಲಿನ ಗಂಟು ಅವಳಿಗೆ ಸಿಕ್ಕಿತು. ಬಿಚ್ಚಿ, ಕಸ ಆರಿಸುತ್ತ ಕುಳಿತಳು. ಬೆರಳುಗಳಿಗೆ ವಯಸ್ಸೇ ಆಗಿಲ್ಲ. ಯಾರೋ ಮುಕಾದಮ ಬೈಯುತ್ತಾನೆಂದು ನಡುನಡುವೆ ತಲೆ ಎತ್ತಿ ನೋಡುತ್ತಾಳೆ. ಚಹಾ ಕೊಟ್ಟೆ. ಕುಡಿಯಲಿಲ್ಲ, ಕೆಲಸದ ಹೊತ್ತಿನಲ್ಲಿ ಬೇಡವಂತೆ.

ಒಂದೇ ಚಿಂತೆ. ಸ್ಟೋರಿನ ಹಿಂದೆಯೇ ಕಾಲುವೆ. ದಂಡೆ ತುಂಬಿ ಹರಿಯುತ್ತಿದೆ. ಮುಂಚೆ ಅಲ್ಲಿ ಗಿರಣಿಯ ನೀರಿನ ತೊಟ್ಟಿ ಇತ್ತು. ಕೈ ತೊಳೆಯಲು ಎದ್ದು ಅತ್ತಲೇ ಹೋಗುತ್ತಾಳೆ. ಇವತ್ತು ನಾನೇ ಓಡಿ ಹಿಡಿದೆ. ಸಂಜೆ ಚಂದಮ್ಮ ಬರುವುದು ತಡವಾದರೆ? ನಾನು ಲೋಡ್ ಇಳಿಸಿಕೊಳ್ಳುತ್ತಿದ್ದರೆ?

ಮೂರು ಸಂಜೆಯಿಂದ ಒಂದೇ ಜಗಳ. ಮಗಳು ಬಾ ಅನ್ನುವುದು, ತಾಯಿ ಪಾಳಿ ಮುಗಿದಿಲ್ಲ ಅನ್ನುವುದು. ಎಳೆದು ಎಳೆದು ಮುದುಕಿಯ ರಟ್ಟೆ ಕಂದಿದೆ.

೨೨ ಆಗಸ್ಟ್

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಸಾಹೇಬರು ಸ್ಟೋರ್ ನೋಡಲು ಬಂದರು. ಜೊತೆಗೆ ನೆಂಟರು. ಅಂಗಳದಲ್ಲಿ ನಿಂತು, ನಾಗಣ್ಣ ಒಂದ್ಸಲ ಸೈರನ್ ಹೊಡೀರಿ ಎಂದರು. ಮುದುಕಿ ಆಗತಾನೇ ಪೈಪಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳು ಅಲ್ಲಿರುವುದು ನನಗೆ ಗೊತ್ತಿತ್ತು. ಭೋಂಗಾ ಏನು ಮಾಡುತ್ತದೆ ಎನ್ನುವುದೂ ಗೊತ್ತಿತ್ತು.

ಊದಿದೆ.

ಬೆಚ್ಚಿ ಎದ್ದಳು. ತಲೆಬಟ್ಟೆ ಬಿಚ್ಚಿಕೊಂಡಿತ್ತು, ಕಟ್ಟಿದಷ್ಟೂ ಜಾರುತ್ತಿತ್ತು. ತಡವಾಯಿತು, ತಡವಾಯಿತು ಎನ್ನುತ್ತ ಅಲ್ಲೇ ಸುತ್ತ ತಿರುಗಿದಳು. ನೆಂಟರು ನಕ್ಕರು. ಸಾಹೇಬರು ಪಾಪ ಅಂದು ನಕ್ಕರು. ನಾನೂ ನಕ್ಕೆ.

ಚಂದಮ್ಮ ಗೇಟಿನಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

೨೪ ಆಗಸ್ಟ್, ಸಂಜೆ

ಚಂದಮ್ಮ ಬೈಯುತ್ತಾಳೆಂದು ಕಾದಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಸೀದಾ ಬಂದು ಕೇಳಿದಳು.

“ಕರೆಯೋ ಭೋಂಗಾ ಊದ್ತೀರಿ. ಬಿಡೋ ಭೋಂಗಾ ಯಾಕ ಊದೂದಿಲ್ಲರಿ, ಕಾಕಾ?”

ಸಂಜೆಯದು ಇತ್ತು ನಿಜ. ಬೆಳಗಿನದಕ್ಕಿಂತ ಗಿಡ್ಡ, ಎರಡು ಸಲ. ಕಥೆಯಲ್ಲಿ ಅದಕ್ಕೆ ಕೆಲಸವಿಲ್ಲ, ಅದಕ್ಕೇ ಬಿಟ್ಟಿದ್ದೆ.

ಊದಿದೆ. ಮುದುಕಿ ತಕ್ಷಣ ಕೈ ನಿಲ್ಲಿಸಿದಳು. ಗಂಟು ಕಟ್ಟಿಟ್ಟು, ಸೀರೆ ಕೊಡವಿ, ಸರಸರ ಗೇಟಿನ ತನಕ ಬಂದಳು. ಬಂದು ನಿಂತುಬಿಟ್ಟಳು. ಎರಡೂ ಕೈ ಅಗಲಿಸಿ. ದಾಟುತ್ತಿಲ್ಲ.

ಏನು ಎಂದು ಚಂದಮ್ಮ ಕೇಳಿದಳು. ನನಗೆ ತಿಳಿಯಿತು. ಝಡತಿ.

೩೧ ಆಗಸ್ಟ್

ವಾರದಿಂದ ಪೆನ್ನು ಹಿಡಿದಿಲ್ಲ. ದೇವಕಮ್ಮ ಕೇಳಿದಳು, ಗಂಟಲು ಬಿದ್ದದೇನು, ಮನಿಯಾಗ ಒಂದು ಕಥಿ ಇಲ್ಲ, ಒಂದು ನಗು ಇಲ್ಲ ಎಂದು. ಹೆಂಡತಿಗೂ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅವತ್ತು ಗೇಟಿನಲ್ಲಿ ನಾನೇ ಸಿಪಾಯಿಯಾದೆ. ಎಷ್ಟು ಸಲ ಆಗಿಲ್ಲ, ಮೈಕಿನ ಮುಂದೆ. ದೂರದಿಂದಲೇ ಕೈ ಆಡಿಸಿ, ಆಯಿತು ಹೋಗವ್ವಾ ಎಂದೆ.

ಹೋಗಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಮುಖ ಗೋಡೆಯ ಕಡೆ ತಿರುಗಿಸಿದಳು. ಕಾಯುತ್ತಿದ್ದಳು. ಆಮೇಲೆ ಸೆರಗು ಬಿಟ್ಟು ಮೆಲ್ಲಗೆ ಹೇಳಿದಳು —

“ಇನ್ನಾ ಕೈ ಹಾಕಿಲ್ಲಲ್ಲರಿ, ಸಿಪಾಯಿ. ಲಗೂ ಮುಗಸ್ರಿ. ಮನ್ಯಾಗ ಕೂಸು ಅಳಾಕತ್ತಿರತದ.”

ಆ ಕೂಸು ನನ್ನ ಪಕ್ಕದಲ್ಲೇ ನಿಂತಿತ್ತು. ಕೆಸರು ಕಾಲು, ಕೈಯಲ್ಲಿ ಬುತ್ತಿ ಗಂಟು. ಚಂದಮ್ಮ ತಾಯಿಯನ್ನು ನೋಡಿದಳು. ಆಮೇಲೆ ನನ್ನನ್ನು. ಅವಳೂ ನನ್ನ ಕಥೆ ಕೇಳಿದವಳೇ. ನಕ್ಕವಳೇ.

ಮಾವ ಸತ್ತು ಎಷ್ಟೋ ವರ್ಷ. ಆದರೆ ಆ ಹೊತ್ತಿಗೆ ನನ್ನ ಎರಡೂ ಕೈ ಅವನವೇ ಅನಿಸಿ ಹಿಂದಕ್ಕೆ ಕಟ್ಟಿಕೊಂಡೆ.

ಚಂದಮ್ಮ ಬುತ್ತಿ ಗಂಟು ನೆಲಕ್ಕಿಟ್ಟಳು. ತಾಯಿಯ ಎದುರು ಹೋಗಿ ನಿಂತಳು.

“ಕಣ್ಣು ತೆರೀಬೇ. ಹುಕುಂ ಬಂದದ. ಇವತ್ತಿನಿಂದ ಹೆಣ್ಮಕ್ಕಳ ಝಡತಿ ಹೆಣ್ಮಕ್ಕಳೇ ಮಾಡೂದು. ಗಂಡಸ್ರು ಮುಟ್ಟಂಗಿಲ್ಲ.”

“ಖರೇನೇನು?” ಎಂದಳು ಗೊಲ್ಲಾಳಮ್ಮ. ಒಂದು ಕಣ್ಣು ಮಾತ್ರ ತೆರೆದಳು. “ಯಾರು ಕೊಟ್ರು ಹುಕುಂ?”

“ನಾನೇ ಕೊಟ್ಟೀನಿ.”

ಮಗಳು ತಾಯಿಯ ಭುಜ ಮುಟ್ಟಿದಳು, ಸೊಂಟ ಮುಟ್ಟಿದಳು, ಸೆರಗು ಕೊಡವಿ ಸರಿಮಾಡಿ ಹೊದಿಸಿದಳು. ಮುದುಕಿ ಗೇಟು ದಾಟಿದಳು. ಯಾರೂ ಎಳೆಯಬೇಕಾಗಲಿಲ್ಲ. ಅವಳೇ ಮುಂದೆ, ಮಗಳು ಹಿಂದೆ.

ಅಂದಿನಿಂದ ದಿನಾ ಸಂಜೆ ಹೀಗೇ. ನಾನು ಊದುತ್ತೇನೆ. ಊದಿ ಸ್ಟೋರಿನ ಒಳಗೆ ಹೋಗಿಬಿಡುತ್ತೇನೆ.

೧೦ ಸೆಪ್ಟೆಂಬರ್

ಕಾಲುವೆ ಕಡೆ ತಂತಿ ಬೇಲಿ ಹಾಕಿಸಿದೆ. ಸಾಹೇಬರು ಸಹಿ ಹಾಕಿದರು, ಹಾಕುತ್ತಲೇ ದಿನಾಚರಣೆಯ ಮಾತು ತೆಗೆದರು. ಗಂಟಲು ಸರಿಯಿಲ್ಲ ಎಂದೆ. ಬಿಸಿನೀರು, ಉಪ್ಪು ಎಂದರು. ಬೇರೆ ಕಥೆ ಹೇಳುತ್ತೇನೆ ಎಂದೆ. ದೊಡ್ಡ ಸಾಹೇಬರಿಗೆ ಆಗಲೇ ಹೇಳಿಬಿಟ್ಟಿದ್ದಾರಂತೆ.

ಇಲ್ಲ ಅನ್ನುವುದಕ್ಕೆ ನಾಲಿಗೆ ಏಳಲಿಲ್ಲ. ಇಷ್ಟಾದ ಮೇಲೂ.

೧೬ ಸೆಪ್ಟೆಂಬರ್, ಬುಧವಾರ

ನಿನ್ನೆ ಹೇಳಿದೆ. ಹತ್ತಿ ಗಾಡಿಗಳು, ಗಿರಣಿಯ ಸದ್ದು, ಮಾಲೀಕರ ಕುದುರೆ. ಭೋಂಗಾ ಊದಲಿಲ್ಲ, ಗಂಟಲಿನ ನೆಪ. ಹೆಂಗಸರು ಬಾಗಿಲ ಕಡೆ ಬಂದರು ಎಂದೆನೋ ಇಲ್ಲವೋ, ಮುಂದಿನ ಸಾಲು ಆಗಲೇ ನಗತೊಡಗಿತ್ತು. ಝಡತಿ ಬರುತ್ತದೆಂದು ಗೊತ್ತಲ್ಲ. ಆ ನಗು ಕಲಿಸಿದವನು ನಾನೇ. ಜಿಗಿದುಬಿಟ್ಟೆ. ಬಾಗಿಲು ಬಿಟ್ಟು ಸೀದಾ ಗಿರಣಿ ಮುಚ್ಚಿದ ದಿನಕ್ಕೆ ಹೋದೆ. ಜನ ಅರೆಮನಸ್ಸಿನಿಂದ ಚಪ್ಪಾಳೆ ಹೊಡೆದರು.

“ಅದೇನ್ರೀ ನಾಗಣ್ಣ, ಮೇನ್ ಐಟಮ್ಮೇ ಬಿಟ್ಬಿಟ್ರಿ?” ಎಂದರು ಸಾಹೇಬರು.

ನೆನಪು ಹಾರಿತು ಎಂದೆ.

ಇವತ್ತು ಸಂಜೆ ಚಂದಮ್ಮ ತಾಯಿಯನ್ನು ಗೇಟು ದಾಟಿಸಿ, ನಿಲ್ಲಿಸಿ, ವಾಪಸು ಬಂದಳು. ನಾನು ಕಥೆಯಲ್ಲಿ ಝಡತಿ ಬಿಟ್ಟ ಸುದ್ದಿ ಅವಳಿಗೂ ಮುಟ್ಟಿತ್ತು. ಒಳ್ಳೆಯ ಮಾತು ಆಡುತ್ತಾಳೆ ಎಂದು ಒಂದು ಗಳಿಗೆ ಆಸೆಪಟ್ಟೆ.

“ನಮ್ಮವ್ವನ ಮ್ಯಾಲ ನಗೂದು ತಪ್ಪಿಸಿದ್ರಿ. ಛಲೋ ಆತು,” ಎಂದಳು. “ನಿಮ್ಮ ಮಾವನ್ನೂ ಪಾರು ಮಾಡಿದ್ರಲ್ಲರಿ, ಕಾಕಾ.”

ಹೋದಳು.

ಆಗಿನಿಂದ ಕುಳಿತಿದ್ದೇನೆ. ಮೈಕಿಲ್ಲ, ಮಂದಿಯಿಲ್ಲ. ಇಲ್ಲಾದರೂ ಸರಿಯಾಗಿ ಹೇಳಿ ನೋಡೋಣ ಎಂದು.

ಸಂಜೆಯ ಭೋಂಗಾ ಆಯಿತು. ಹೆಂಗಸರು ಸಾಲಾಗಿ ನಿಂತರು. ಮೊದಲು ಗೊಲ್ಲಾಳಮ್ಮ. ಬಾಣಂತನ ಮುಗಿಸಿ ಬಂದು ಇನ್ನೂ ವಾರವಾಗಿರಲಿಲ್ಲ. ಅವಳ ಹತ್ತಿರ ಹತ್ತಿ ಇರಲಿಲ್ಲ. ಅದು ಸಿಪಾಯಿಗೂ ಗೊತ್ತಿತ್ತು. ಸಿಪಾಯಿ ನಮ್ಮ ತಾಯಿಯ ಒಡಹುಟ್ಟಿದವನು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳಿದವನು. ಅವನು ಕೈ —